ನಕ್ಷೆಗೆ ಸಿಗದ ಕೊಂಡಿಗಳು

ದೊಡ್ಡ ಬ್ಯಾಂಕು, ವಿಮಾ ಕಂಪನಿ, ವಿಮಾನಯಾನ ಸಂಸ್ಥೆಗಳಲ್ಲಿ ನೂರಾರು, ಕೆಲವೆಡೆ ಸಾವಿರಾರು ಅಪ್ಲಿಕೇಶನ್‌ಗಳು ಓಡುತ್ತಿರುತ್ತವೆ. ಸಾಲದ ಅರ್ಜಿ ತೆಗೆದುಕೊಳ್ಳುವ ತಂತ್ರಾಂಶ ಕೆವೈಸಿ ತಂತ್ರಾಂಶವನ್ನು ಕೇಳುತ್ತದೆ. ರಾತ್ರಿ ಬಡ್ಡಿ ಲೆಕ್ಕ ಹಾಕುವ ಬ್ಯಾಚ್ ಜಾಬ್ ಇವೆರಡೂ ಬರೆದಿಟ್ಟದ್ದನ್ನು ಓದುತ್ತದೆ. ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಎಂದು ಪೂರ್ತಿಯಾಗಿ ಹೇಳಬಲ್ಲ ಒಬ್ಬರೇ ಒಬ್ಬರು ಸಿಗುವುದು ಅಪರೂಪ. ಬೆಂಗಳೂರಿನ ಎಷ್ಟೋ ಎಂಜಿನಿಯರ್‌ಗಳು ಈ ಕೊಂಡಿಗಳನ್ನು ಹುಡುಕಿ ನಕ್ಷೆ ಬರೆಯುವುದರಲ್ಲೇ ದಿನ ಕಳೆಯುತ್ತಾರೆ. ಆದರೂ ಈ ಕೆಲಸದ ಬಗ್ಗೆ ಕೆಲವು ತಪ್ಪು ಕಲ್ಪನೆಗಳು ಗಟ್ಟಿಯಾಗಿ ಬೇರೂರಿವೆ.

ನಂಬಿಕೆ: ಏನಾದರೂ ಕೆಟ್ಟರೆ ಸರಿಪಡಿಸುವ ಉಪಕರಣಗಳು ಹೇಗೂ ಇವೆ.

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದೇ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಎಂಜಿನಿಯರ್‌ಗಳು ತಮ್ಮ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಜಾಲದ ಸಾಮರ್ಥ್ಯ ಅಳೆಯಲು ಒಂದು ಆಜ್ಞೆ ಕೊಟ್ಟರು. ಅದು ಇಡೀ ಜಾಲವನ್ನೇ ಕಡಿದುಹಾಕಿತು. ಇಂಥ ಆಜ್ಞೆಗಳನ್ನು ತಡೆಯಬೇಕಿದ್ದ ಪರಿಶೀಲನಾ ತಂತ್ರಾಂಶದಲ್ಲೇ ದೋಷವಿತ್ತು. ಡೇಟಾ ಸೆಂಟರ್‌ಗಳ ಸಂಪರ್ಕ ಸಿಗದೆ, ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್‌ಗಳು ತಮ್ಮ ವಿಳಾಸವನ್ನು ಅಂತರ್ಜಾಲಕ್ಕೆ ಸಾರುವುದನ್ನು ನಿಲ್ಲಿಸಿದವು. ಅಲ್ಲಿಗೆ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಕಾಣೆಯಾದವು. ಸರಿಪಡಿಸಲು ಹೊರಟರೆ, ಒಳಗಿನ ಉಪಕರಣಗಳೂ ಅದೇ ಡಿಎನ್‌ಎಸ್ ಅನ್ನು ನೆಚ್ಚಿಕೊಂಡಿದ್ದವು! ಎಂಜಿನಿಯರ್‌ಗಳನ್ನು ಖುದ್ದಾಗಿ ಡೇಟಾ ಸೆಂಟರ್‌ಗಳಿಗೆ ಕಳುಹಿಸಬೇಕಾಯಿತು. ಎಲ್ಲವೂ ಮತ್ತೆ ಓಡಲು ಸುಮಾರು ಆರು ಗಂಟೆ ಹಿಡಿಯಿತು.

2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಬಿದ್ದಾಗಲೂ ಇದೇ ಕಥೆ. ಸೇವೆಗಳ ಸ್ಥಿತಿಗತಿ ತಿಳಿಸುವ ಪುಟವನ್ನು ಬದಲಿಸುವ ವ್ಯವಸ್ಥೆ ಎಸ್3 ಮೇಲೆಯೇ ನಿಂತಿತ್ತು. ಹಾಗಾಗಿ ಸುಮಾರು ಎರಡು ಗಂಟೆ ಆ ಪುಟವನ್ನು ತಿದ್ದಲಾಗದೆ, ಕಂಪನಿ ಟ್ವಿಟರ್‌ನಲ್ಲಿ ಸುದ್ದಿ ಹೇಳಬೇಕಾಯಿತು. ನಕ್ಷೆ ಬರೆಯುವವರು ಗ್ರಾಹಕರಿಗೆ ಕಾಣುವ ಅಪ್ಲಿಕೇಶನ್‌ಗಳ ಜೊತೆಗೆ ದುರಸ್ತಿಯ ಉಪಕರಣಗಳನ್ನೂ ಅದರಲ್ಲಿ ಇಡಬೇಕು. ಅವು ಎಲ್ಲಿಂದ ಲಾಗಿನ್ ಆಗುತ್ತವೆ, ಯಾವ ಜಾಲದಲ್ಲಿ ಓಡುತ್ತವೆ ಎಂಬುದನ್ನು ಮೊದಲು ಗುರುತಿಸಬೇಕು.

ನಂಬಿಕೆ: ನಮ್ಮ ಕೋಡ್‌ನಲ್ಲಿ ಏನಿದೆಯೆಂದು ನಮಗೆ ಗೊತ್ತು.

2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ಗಂಭೀರ ಭದ್ರತಾ ದೋಷ ಹೊರಬಿತ್ತು. ತಿದ್ದುಪಡಿ ಬೇಗನೆ ಬಂತು. ಆದರೆ ‘ಇದು ನಮ್ಮಲ್ಲಿ ಎಲ್ಲೆಲ್ಲಿ ಇದೆ?’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಜಗತ್ತಿನಾದ್ಯಂತ ತಂಡಗಳು ನಿದ್ದೆಗೆಟ್ಟವು. ಎಷ್ಟೋ ಕಂಪನಿಗಳು ಅದನ್ನು ನೇರವಾಗಿ ಸೇರಿಸಿಕೊಂಡಿರಲಿಲ್ಲ. ತಾವು ಬಳಸಿದ ಲೈಬ್ರರಿ ಬಳಸಿದ ಇನ್ನೊಂದು ಲೈಬ್ರರಿಯ ಒಳಗೆ ಅದು ಕೂತಿತ್ತು. ಪ್ರತಿ ತಂತ್ರಾಂಶಕ್ಕೂ ಘಟಕಗಳ ಪಟ್ಟಿ, ಅಂದರೆ ಎಸ್‌ಬಿಒಎಂ, ಇರಬೇಕೆಂಬ ಒತ್ತಾಯಕ್ಕೆ ಇದರಿಂದ ಬಲ ಬಂತು. ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ 2024ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ.

ನಂಬಿಕೆ: ಯಾರೂ ಬಳಸದ ಹಳೆಯ ಕೋಡ್ ಇದ್ದರೆ ನಷ್ಟವೇನಿಲ್ಲ.

ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟು ಕಂಪನಿಯನ್ನು ನೋಡಿ. ವರ್ಷಗಳ ಹಿಂದೆಯೇ ಬಳಕೆ ನಿಂತಿದ್ದ ‘ಪವರ್ ಪೆಗ್’ ಎಂಬ ಕೋಡ್ ಅದರ ಸರ್ವರ್‌ಗಳಲ್ಲಿ ಹಾಗೇ ಉಳಿದಿತ್ತು. ಅದನ್ನು ಎಬ್ಬಿಸುತ್ತಿದ್ದ ಫ್ಲ್ಯಾಗ್ ಅನ್ನೇ ಹೊಸ ಕೋಡ್‌ಗೂ ಬಳಸಿಕೊಂಡರು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ಬಿಟ್ಟುಹೋಯಿತು. 2012ರ ಆಗಸ್ಟ್ 1ರ ಬೆಳಿಗ್ಗೆ ಆ ಒಂದು ಸರ್ವರ್‌ನಲ್ಲಿ ಹಳೆಯ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷಗಳಲ್ಲಿ ಬೇಡದ ಷೇರುಗಳ ರಾಶಿಯೇ ಕಂಪನಿಯ ತಲೆಗೆ ಬಂತು. ಕೊನೆಗೆ ನಷ್ಟ 46 ಕೋಟಿ ಡಾಲರ್ ದಾಟಿತು.

ನಂಬಿಕೆ: ಸಣ್ಣ ಘಟಕ ಬಿದ್ದರೆ ತೊಂದರೆಯೂ ಸಣ್ಣದೇ.

2016ರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ‘ಲೆಫ್ಟ್-ಪ್ಯಾಡ್’ ಎಂಬ ಪ್ಯಾಕೇಜನ್ನು ಅದರ ಕರ್ತೃ ಹಿಂದಕ್ಕೆ ಪಡೆದಾಗ ಎಲ್ಲೆಡೆ ತಂತ್ರಾಂಶಗಳ ಬಿಲ್ಡ್ ನಿಂತುಹೋಯಿತು. ಅದರಲ್ಲಿದ್ದದ್ದು 11 ಸಾಲು ಕೋಡ್.

ನಂಬಿಕೆ: ಒಳ್ಳೆಯ ಟೂಲ್ ಕೊಂಡರೆ ನಕ್ಷೆ ತಾನಾಗಿ ಸಿದ್ಧವಾಗುತ್ತದೆ.

ಟೂಲ್‌ಗಳು ಬೇಕೇ ಬೇಕು. ಒಂದು ಕೋರಿಕೆ ಯಾವ ಯಾವ ಸೇವೆಗಳನ್ನು ಹಾದುಹೋಯಿತೆಂದು ಜಾಡು ಹಿಡಿಯುವ ವಿಧಾನವನ್ನು ಗೂಗಲ್ 2010ರಲ್ಲಿ ತನ್ನ ‘ಡ್ಯಾಪರ್’ ಪ್ರಬಂಧದಲ್ಲಿ ವಿವರಿಸಿತು. ಇಂದು ಅದೇ ಕೆಲಸಕ್ಕೆ ಓಪನ್‌ಟೆಲಿಮೆಟ್ರಿ ಇದೆ. ಆದರೆ ಟೂಲ್ ನೋಡುತ್ತಿರುವ ಹೊತ್ತಿನಲ್ಲಿ ಹರಿದ ಕೋರಿಕೆ ಮಾತ್ರ ಅದಕ್ಕೆ ಕಾಣುತ್ತದೆ. ಮಾರ್ಚ್ 31ರ ರಾತ್ರಿ ಮಾತ್ರ ಓಡುವ ವರ್ಷಾಂತ್ಯದ ಜಾಬ್ ಜುಲೈನ ನಕ್ಷೆಯಲ್ಲಿ ಇರುವುದಿಲ್ಲ. ಎರಡು ಅಪ್ಲಿಕೇಶನ್‌ಗಳು ಒಂದೇ ಟೇಬಲ್ ಓದುತ್ತಿದ್ದರೆ, ಒಬ್ಬ ನೌಕರ ಪ್ರತಿ ಸೋಮವಾರ ಎಕ್ಸೆಲ್ ಕಡತವೊಂದನ್ನು ಕೈಯಾರೆ ಇನ್ನೊಂದು ವ್ಯವಸ್ಥೆಗೆ ಹಾಕುತ್ತಿದ್ದರೆ, ಅದೂ ಸುಲಭವಾಗಿ ಸಿಗದು. ಇಂಥ ಕೊಂಡಿಗಳು ಹೆಚ್ಚಾಗಿ ಹಳಬರ ನೆನಪಿನಲ್ಲಿರುತ್ತವೆ.

ಆದ್ದರಿಂದ ಜಾಲದ ಲಾಗ್, ಕೋಡ್, ಜಾಬ್‌ಗಳ ವೇಳಾಪಟ್ಟಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆಮೇಲೆ ಕೆಲಸ ಮಾಡುವವರ ಬಳಿ ಕೂತು ಕೇಳಬೇಕು. ನಿಮ್ಮ ಸಂಸ್ಥೆಯಲ್ಲಿ ಹತ್ತಿಪ್ಪತ್ತು ವರ್ಷದಿಂದ ಅದೇ ವ್ಯವಸ್ಥೆಯನ್ನು ನೋಡಿಕೊಂಡು ಬಂದವರು ಈ ವರ್ಷ ನಿವೃತ್ತರಾಗುವುದಿದ್ದರೆ, ಬೀಳ್ಕೊಡುಗೆಗೆ ಮುಂಚೆ ಅವರಿಂದ ಎಲ್ಲವನ್ನೂ ಬರೆಸಿಕೊಳ್ಳಿ.