ಕಲ್ಲಿನ ಕೊಡಲಿ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಮಲಪನಗುಡಿ ಎಂಬ ಊರಿದೆ. ಅಲ್ಲಿನ ಮಲ್ಲಿಕಾರ್ಜುನ ದೇವಾಲಯವನ್ನು ಕಟ್ಟಿದ ಶಿಲ್ಪಿಗಳ ಕೈಯಲ್ಲಿ ಕಬ್ಬಿಣದ ಉಳಿಯಿತ್ತು. ಅದಕ್ಕಿಂತ ಬಹು ಹಿಂದೆ, ಕಬ್ಬಿಣವನ್ನೇ ಅರಿಯದ ಜನರೂ ಈ ಸೀಮೆಯಲ್ಲಿ ಬಾಳಿದ್ದರು. ಅವರ ಉಪಕರಣಗಳು ಪೂರ್ವಕ್ಕೆ, ಬಳ್ಳಾರಿಯ ಸಮೀಪದಲ್ಲಿರುವ ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳಲ್ಲಿ ದೊರೆತಿವೆ.

ಅವುಗಳಲ್ಲೊಂದನ್ನು ನೋಡೋಣ. ಅದು ಕೈಯಲ್ಲಿ ಹಿಡಿಯಬಹುದಾದ ಕಪ್ಪು ಕಲ್ಲು. ಅದರ ಒಂದು ತುದಿ ಕಿರಿದು, ಇನ್ನೊಂದು ಅಗಲ. ಅಗಲವಾದ ಅಂಚು ನುಣುಪಾಗಿ, ಹರಿತವಾಗಿದೆ. ಕಾವಿಲ್ಲ, ಕಾವು ತೊಡಿಸಲು ತೂತೂ ಇಲ್ಲ. ಇದು ಯಾವ ಕೆಲಸಕ್ಕೆ ಬರುತ್ತಿತ್ತು? ಯುರೋಪಿನ ಜನರು ಇಂತಹ ಕಲ್ಲುಗಳು ಸಿಡಿಲಿನೊಡನೆ ಆಕಾಶದಿಂದ ಬಿದ್ದವೆಂದು ಬಹುಕಾಲ ನಂಬಿದ್ದರು. ಸಿಡಿಲಿನಿಂದ ರಕ್ಷಣೆ ದೊರೆಯಲೆಂದು ಮನೆಯಲ್ಲಿ ಇರಿಸಿಕೊಳ್ಳುತ್ತಿದ್ದರು.

ನಿಜವನ್ನು ತಿಳಿಸಿದ್ದು ಕಲ್ಲು ಬಿದ್ದಿದ್ದ ನೆಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಬಳ್ಳಾರಿ ಸೀಮೆಯನ್ನು ಪರಿಶೀಲಿಸಿದರು. ಕಪ್ಪಗಲ್ಲು ಗುಡ್ಡದಲ್ಲಿ ಪೂರ್ಣಗೊಂಡ ಉಪಕರಣಗಳ ಜೊತೆಗೆ ಅರೆಕೆಲಸವಾದವೂ ಸಿಡಿದ ಚಕ್ಕೆಗಳೂ ಹರಡಿದ್ದವು. ಅದೊಂದು ಕಾರ್ಯಾಗಾರವೆಂಬುದು ಸ್ಪಷ್ಟವಾಯಿತು. ತಯಾರಿಕೆಯ ಕ್ರಮವೂ ತಿಳಿಯಿತು: ಡಾಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲನ್ನು ಮೊದಲು ಇನ್ನೊಂದು ಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸುತ್ತಿದ್ದರು, ಬಳಿಕ ಮೆಲ್ಲನೆ ಕುಟ್ಟಿ ಉಬ್ಬುತಗ್ಗುಗಳನ್ನು ಸರಿಪಡಿಸುತ್ತಿದ್ದರು, ಕೊನೆಗೆ ಬಂಡೆಯ ಮೇಲೆ ಉಜ್ಜಿ ಮಸೆಯುತ್ತಿದ್ದರು. ಹೀಗೆ ಉಜ್ಜಿದ ಗೆರೆಗುಳಿಗಳು ಅಲ್ಲಿನ ಬಂಡೆಗಳಲ್ಲಿ ಉಳಿದಿವೆ.

ಉಪಯೋಗವನ್ನು ತಿಳಿಸುವುದು ಅಂಚು. ಎರಡು ಬದಿಗಳಿಂದಲೂ ಸಮನಾಗಿ ಮಸೆದ ಅಂಚು ಸಾಮಾನ್ಯವಾಗಿ ಕೊಡಲಿಯದು. ಒಂದೇ ಬದಿಯಿಂದ ಓರೆಯಾಗಿ ಮಸೆದದ್ದು ಬಾಚಿಯದು. ಕೊಡಲಿ ಮರವನ್ನು ಕಡಿಯುತ್ತದೆ, ಬಾಚಿ ಕೆತ್ತುತ್ತದೆ. ನಮ್ಮ ಬಡಗಿಯ ಬಾಚಿಯ ಬಾಯಿಯೂ ಒಂದೇ ಬದಿಗೆ ಓರೆಯಾಗಿರುವುದನ್ನು ಗಮನಿಸಿ. ಕಿರಿದಾದ ತುದಿಯನ್ನು ಮರದ ಕಾವಿನ ಸೀಳಿಗೆ ಸೇರಿಸಿ ಬಿಗಿಯುತ್ತಿದ್ದರು. ಮರವು ಮಣ್ಣಾಯಿತು, ಕಲ್ಲು ಉಳಿಯಿತು. ಅಂಚಿನಲ್ಲಿರುವ ಸಣ್ಣ ಗೀರುಗಳೂ ಮುಕ್ಕುಗಳೂ ದುಡಿಮೆಯ ಗುರುತುಗಳಾಗಿವೆ.

1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. ದನ, ಕುರಿಗಳನ್ನು ಸಾಕಿ, ಧಾನ್ಯ ಬೆಳೆದು, ಮಡಕೆ ಬಳಸಿದ ಜನರ ಕೈಯಲ್ಲಿ ಈ ಕೊಡಲಿಗಳಿದ್ದವೆಂಬುದು ಉತ್ಖನನಗಳಿಂದ ವಿಶದವಾಗಿದೆ. ಅವರು ಬಾಳಿದ್ದು ಇಂದಿಗೆ ಮೂರು ಸಾವಿರ ವರ್ಷಗಳಿಗೂ ಹಿಂದೆ.

ಕಲ್ಲುಗಣಿಗಾರಿಕೆಯಿಂದ ಇಂದು ಈ ಗುಡ್ಡಗಳಿಗೆ ಹಾನಿಯಾಗಿದೆ. ಕೊಡಲಿಯೊಂದನ್ನು ಕುತೂಹಲಕ್ಕಾಗಿ ಮನೆಗೆ ಒಯ್ದರೆ ಕಲ್ಲು ಮಾತ್ರ ನಮ್ಮದಾಗುತ್ತದೆ. ಅದರ ಸುತ್ತಲಿನ ಚಕ್ಕೆ, ಬೂದಿ, ಮಡಕೆಚೂರುಗಳು ಹೇಳಬೇಕಾದ ಮಾತು ನಷ್ಟವಾಗುತ್ತದೆ. ಆದುದರಿಂದ ಅಂತಹ ವಸ್ತು ಕಂಡರೆ ಅದನ್ನು ಅಲ್ಲಿಯೇ ಬಿಟ್ಟು, ಹಿರಿಯರ ಮೂಲಕ ಪುರಾತತ್ತ್ವ ಇಲಾಖೆಗೆ ತಿಳಿಸುವುದು ನಮ್ಮೆಲ್ಲರ ಕರ್ತವ್ಯ.