ತಣ್ಣನೆಯ ಶಿಲೆ ಇಳಿದಲ್ಲಿ ಬೆಂಕಿ ಏಳುವುದೇಕೆ?

ಪೋರ್ಟ್ ಬ್ಲೇರ್‌ನ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿರುವ ಬ್ಯಾರನ್ ದ್ವೀಪವು ಭಾರತದ ಏಕೈಕ ಜಾಗೃತ ಜ್ವಾಲಾಮುಖಿ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮೌನವಾಗಿದ್ದ ಅದು 1991ರಲ್ಲಿ ಮತ್ತೆ ಬೆಂಕಿಯುಗುಳಿತು. ಅದರ ಪಶ್ಚಿಮಕ್ಕೆ, ಕಡಲ ತಳದಲ್ಲಿ, ಭಾರತದ ಭೂಫಲಕವು ಅಂಡಮಾನಿನ ಅಡಿಗೆ ಜಾರಿ ಇಳಿಯುತ್ತಿದೆ. 2004ರ ಡಿಸೆಂಬರ್ 26ರಂದು ತಮಿಳುನಾಡು, ಕೇರಳಗಳ ಕರಾವಳಿಯನ್ನೂ ನಡುಗಿಸಿದ ಸುನಾಮಿ ಹುಟ್ಟಿದ್ದು ಇದೇ ಅಂಚಿನಲ್ಲಿ.

ಇಳಿಯುತ್ತಿರುವುದು ಕೋಟ್ಯಂತರ ವರ್ಷಗಳ ಕಾಲ ಕಡಲಡಿಯಲ್ಲಿ ತಣಿದ ಶಿಲೆ. ತಣ್ಣನೆಯದು ಒಳಹೊಕ್ಕರೆ ಸುತ್ತಲಿನದೂ ತಣಿಯಬೇಕಲ್ಲವೆ? ಘರ್ಷಣೆಯ ಬಿಸಿಗೆ ಫಲಕವೇ ಕರಗುತ್ತದೆಂಬ ಉತ್ತರ ರೂಢಿಯಲ್ಲಿದೆ. ಆದರೆ ಬಹುತೇಕ ಕಡೆ ಕರಗುವುದು ಫಲಕವಲ್ಲ, ಅದರ ಮೇಲಿರುವ ಮ್ಯಾಂಟಲ್ ಶಿಲೆ. ಅದಕ್ಕೆ ಕಾರಣಗಳು ಎರಡು.

ಮೊದಲನೆಯದು ನೀರು. ಕಡಲತಳದ ಖನಿಜಗಳಲ್ಲಿ ಬೆಸೆದುಕೊಂಡ ನೀರು ಆಳದ ಒತ್ತಡ ಹಾಗೂ ಶಾಖಕ್ಕೆ ಬಿಡುಗಡೆಯಾಗಿ ಮೇಲಿನ ಶಿಲೆಗೆ ಸೇರುತ್ತದೆ. ನೂರು ಕಿಲೋಮೀಟರ್ ಆಳದಲ್ಲಿ ಒಣ ಶಿಲೆ ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದರೆ ಹಲವು ನೂರು ಡಿಗ್ರಿ ಕಡಿಮೆಯಾದರೂ ಸಾಕು. ಒಣ ಬೆಲ್ಲ ಬಾಣಲೆಯಲ್ಲಿ ಸೀಯುತ್ತದೆ, ತುಸು ನೀರು ಬೆರೆತರೆ ಸಣ್ಣ ಉರಿಯಲ್ಲೇ ಪಾಕವಾಗುತ್ತದೆ. ಹೋಲಿಕೆ ಪೂರ್ಣವಲ್ಲದಿದ್ದರೂ, ಶಿಲಾಪಾಕವೆಂಬ ಹೆಸರು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಎರಡನೆಯದು ಸಂವಹನ. ಮ್ಯಾಂಟಲ್ ಘನವಾದರೂ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ, ಉಗುರು ಬೆಳೆಯುವಷ್ಟು ನಿಧಾನವಾಗಿ ಹರಿಯುತ್ತದೆ. ಇಳಿಯುವ ಫಲಕವು ತನಗೆ ಅಂಟಿದ ಶಿಲೆಯನ್ನು ಕೆಳಗೆಳೆಯುತ್ತದೆ. ತೆರವಾದೆಡೆಗೆ ಹಿಂದಿನಿಂದ ಬಿಸಿ ಶಿಲೆ ಹರಿದು ಬರುತ್ತದೆ. ಈ ಹರಿವು ನಿಂತರೆ ಫಲಕದ ತಂಪಿಗೆ ಆ ಒಲೆ ಕ್ರಮೇಣ ಆರಿಹೋಗುತ್ತದೆ.

ಇದಕ್ಕೆ ಸಾಕ್ಷ್ಯವೇನು? ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ಬೆರಿಲಿಯಂ-10 ಕಡಲ ಕೆಸರಿನಲ್ಲಿ ನೆಲೆಸುತ್ತದೆ. ಸುಮಾರು 14 ಲಕ್ಷ ವರ್ಷಗಳಿಗೊಮ್ಮೆ ಅದು ಅರ್ಧಕ್ಕಿಳಿಯುವುದರಿಂದ ಆಳದ ಪುರಾತನ ಶಿಲೆಯಲ್ಲಿ ಉಳಿದಿರಲಾರದು. ಆದರೂ 1980ರ ದಶಕದಲ್ಲಿ ಅಲೂಷಿಯನ್ ದ್ವೀಪಗಳ ಹಾಗೂ ಮಧ್ಯ ಅಮೆರಿಕದ ಲಾವಾದಲ್ಲಿ ಅದು ದೊರೆಯಿತು. ಕಡಲ ಕೆಸರು ಫಲಕದೊಡನೆ ಕೆಳಗಿಳಿದು, ಅದರ ಅಂಶ ಜ್ವಾಲಾಮುಖಿಯ ಮೂಲಕ ಮರಳಿ ಬಂದಿದೆಯೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ವಿರಳ.

ಮಕ್ಕಳು ಭೂಗೋಳದ ಪಾಠ ಒಪ್ಪಿಸುವಾಗ "ತಣ್ಣನೆಯ ಕಲ್ಲಿನಿಂದ ಬೆಂಕಿ ಹೇಗೆ?" ಎಂದು ಪೋಷಕರು ಒಮ್ಮೆ ಕೇಳಬೇಕು. ಬಾಯಿಪಾಠದ ಉತ್ತರ ಅಲ್ಲಿ ನಿಲ್ಲುತ್ತದೆ; ತಿಳಿವಳಿಕೆ ಅಲ್ಲಿಂದ ಆರಂಭವಾಗುತ್ತದೆ.