ದುರ್ಬೀನು ತಪಾಸಣೆಯ ನಂತರದ ದಿನಗಳು

ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಹೊಟ್ಟೆಯ ದೂರು ಹೊಸದಲ್ಲ. ಬೆಳಗಿನಿಂದ ಗಾದಿಯ ಮೇಲೆ ಕುಳಿತಿರುವುದು, ಮಧ್ಯಾಹ್ನದ ಊಟವನ್ನು ಗಿರಾಕಿಯ ಅನುಕೂಲಕ್ಕೆ ಬಿಡುವುದು, ಸಂಜೆ ಹೊತ್ತು ಮುಳುಗುವುದರೊಳಗೆ ಮನೆಗೆ ಓಡಿ ಬಂದು ಎರಡು ರೊಟ್ಟಿ ನುಂಗಿ ಮತ್ತೆ ಅಂಗಡಿಗೆ ಹೋಗುವುದು. ಗ್ಯಾಸು, ಮಲಬದ್ಧತೆ, ಮೂಲವ್ಯಾಧಿ ಇವುಗಳಲ್ಲಿ ಒಂದಾದರೂ ಇಲ್ಲದ ಆಡತಿ ಅಂಗಡಿಕಾರರು ನಮ್ಮ ಅಕ್ಕಲಕೋಟೆಯ ಪೇಟೆಯಲ್ಲಿ ಕಡಿಮೆ. ಆದ್ದರಿಂದ ನನಗೆ ಮಲದಲ್ಲಿ ರಕ್ತ ಕಂಡಾಗ ನಾನೂ ಮೂಲವ್ಯಾಧಿಯೆಂದೇ ತಿಳಿದು ಆರು ತಿಂಗಳು ಚೂರ್ಣ ತಿಂದೆ. ಕೊನೆಗೆ 2024ರ ಡಿಸೆಂಬರಿನಲ್ಲಿ ಮಗನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದನು. ಡಾಕ್ಟರರು ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನ ದುರ್ಬೀನು ತಪಾಸಣೆ ಆಗಬೇಕೆಂದರು.

ಗಾಜಿನ ಎಳೆಗಳ ಕಟ್ಟಿನ ಮೂಲಕ ಬಾಗಿದ ದಾರಿಯಲ್ಲಿಯೂ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟವರಲ್ಲಿ ಒಬ್ಬರು ಪಂಜಾಬದ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು. ಈಗ ನಳಿಗೆಯ ತುದಿಯಲ್ಲಿಯೇ ಸಣ್ಣ ಕ್ಯಾಮರಾ ಇರುತ್ತದೆ. ತಪಾಸಣೆ ಅರ್ಧ ತಾಸಿನ ಕೆಲಸ. ಅದಕ್ಕೆ ಹೆದರಬೇಕಾಗಿಲ್ಲ. ನಾನು ಬರೆಯಹೊರಟಿದ್ದು ಅದರ ನಂತರದ ದಿನಗಳ ವಿಷಯ. ತಪಾಸಣೆಗೆ ಮೊದಲು ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಮನೆಗೆ ಬಂದ ಮೇಲೆ ಏನಾಗುತ್ತದೆಂದು ಹೇಳುವವರು ನನಗೆ ಯಾರೂ ಸಿಗಲಿಲ್ಲ.

ಆದರೂ ಮೊದಲಿನ ದಿನದ ಒಂದು ಮಾತನ್ನು ನಮ್ಮ ಸಮಾಜದವರಿಗಾಗಿ ಹೇಳಲೇಬೇಕು. ಕರುಳು ಶುದ್ಧವಾಗಲು ಒಂದು ಪುಡಿಯನ್ನು ಲೀಟರುಗಟ್ಟಲೆ ನೀರಿನಲ್ಲಿ ಕಲಸಿ ಕುಡಿಯಬೇಕು. ರಾತ್ರಿ ಅರ್ಧ, ನಸುಕಿನಲ್ಲಿ ಅರ್ಧ ಎಂದು ಬರೆದುಕೊಟ್ಟರು. ನನಗೆ ಇಪ್ಪತ್ತು ವರ್ಷಗಳಿಂದ ರಾತ್ರಿ ನೀರೂ ಇಲ್ಲ. ಸಂಕೋಚ ಬಿಟ್ಟು ಕೇಳಿದೆ. ಡಾಕ್ಟರರು ಸಿಟ್ಟಾಗಲಿಲ್ಲ. ತಪಾಸಣೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಇಟ್ಟುಕೊಟ್ಟರು. ಹಿಂದಿನ ದಿನ ನಾಲ್ಕು ಗಂಟೆಗೆ ಅರ್ಧ ಪುಡಿ, ಮರುದಿನ ಸೂರ್ಯೋದಯವಾಗಿ ಎರಡು ಘಳಿಗೆ ಕಳೆದ ಮೇಲೆ ಉಳಿದರ್ಧ. ಹತ್ತು ಗಂಟೆಯೊಳಗೆ ಎಲ್ಲ ಮುಗಿಯಿತು, ನಿಯಮವೂ ಉಳಿಯಿತು. ಆ ದಿನ ಕುಡಿಯಲು, ತಿನ್ನಲು ಅನುಮತಿಯಿದ್ದ ಪದಾರ್ಥಗಳ ಪಟ್ಟಿಯಲ್ಲಿ ಜೆಲ್ಲಿ ಇತ್ತು. ಅದಕ್ಕೆ ಹಾಕುವ ಜಿಲೆಟಿನ್ ಪ್ರಾಣಿಜನ್ಯ, ಆದ್ದರಿಂದ ಅದನ್ನು ಬಿಟ್ಟು ಎಳನೀರು, ಸೋಸಿದ ಲಿಂಬೆ ಪಾನಕ ಕುಡಿದೆ. ಸಕ್ಕರೆ ರೋಗಕ್ಕೆ ಗುಳಿಗೆ ತೆಗೆದುಕೊಳ್ಳುವವರು ಮತ್ತು ರಕ್ತ ತೆಳುವಾಗಲು ಔಷಧ ತೆಗೆದುಕೊಳ್ಳುವವರು ಆ ದಿನ ಏನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಬೇಕು, ತಾವಾಗಿಯೇ ನಿಲ್ಲಿಸಬಾರದು.

ನನ್ನ ಕರುಳಿನಲ್ಲಿ ಕಾಬೂಲಿ ಕಡಲೆಯಷ್ಟು ಗಾತ್ರದ ಒಂದು ಗಂಟು ಸಿಕ್ಕಿತು. ಅದಕ್ಕೆ ಪಾಲಿಪ್ ಎನ್ನುತ್ತಾರೆ. ತಂತಿಯ ಕುಣಿಕೆ ಹಾಕಿ, ಕರೆಂಟಿನಿಂದ ಸುಟ್ಟು, ಆಗಲೇ ತೆಗೆದುಬಿಟ್ಟರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಅಲ್ಲವೆಂದು ಬಂತು. ಆದರೆ ಬಿಟ್ಟಿದ್ದರೆ ವರ್ಷಗಳ ಮೇಲೆ ಹಾಗಾಗಬಹುದಾದ ಜಾತಿಯದು.

ಸಂಜೆ ಮನೆಗೆ ಬಂದಾಗ ನಾನು ಪೂರ್ಣ ಎಚ್ಚರವಾಗಿದ್ದೇನೆಂದೇ ತಿಳಿದಿದ್ದೆ. ಗುಮಾಸ್ತನು ಚೆಕ್ ಪುಸ್ತಕ ತಂದನು. ಮಗನು ತಡೆದು, ನಾಳೆ ನೋಡೋಣವೆಂದು ಅವನನ್ನು ಕಳಿಸಿದನು. ಮರುದಿನ ನನಗೆ ಆ ಮಾತುಕತೆ ನಡೆದದ್ದೇ ನೆನಪಿರಲಿಲ್ಲ! ಮಂಪರಿನ ಇಂಜೆಕ್ಷನ್ನಿನ ಗುಣವೇ ಹಾಗೆ. ಒಂದು ದಿನ ಗಾಡಿ ಓಡಿಸಬಾರದು, ಸಹಿ ಮಾಡಬಾರದು, ಸೌದಾ ಮುಗಿಸಬಾರದು.

ಆ ಹೊತ್ತಿನ ದೊಡ್ಡ ತೊಂದರೆಯೆಂದರೆ ಹೊಟ್ಟೆಯುಬ್ಬರ. ಕರುಳಿನ ಮಡಿಕೆ ಬಿಚ್ಚಿ ನೋಡಲು ಒಳಗೆ ಗಾಳಿ ತುಂಬುತ್ತಾರೆ. ಕೆಲವು ಕಡೆ ಕಾರ್ಬನ್ ಡೈ ಆಕ್ಸೈಡ್ ಬಳಸುತ್ತಾರೆ; ಅದು ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೋಗುತ್ತದೆ. ಸಾದಾ ಗಾಳಿ ಹಾಗಲ್ಲ, ಅದರ ಬಹುಪಾಲು ಕೆಳದಾರಿಯಿಂದಲೇ ಹೋಗಬೇಕು. ನನ್ನನ್ನು ನೋಡಲು ಬಂದ ಬೀಗರ ಎದುರು ನಾನು ಎರಡು ತಾಸು ಮರ್ಯಾದೆ ಹಿಡಿದು ಕುಳಿತೆ. ಹೊಟ್ಟೆ ನಗಾರಿಯಾಯಿತು. ಇಂಥಲ್ಲಿ ಮರ್ಯಾದೆ ಬೇಡ. ಅಂಗಳದಲ್ಲಿ ಅಡ್ಡಾಡುವುದು, ಎಡಮಗ್ಗುಲಿಗೆ ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು, ಬಿಸಿನೀರಿನ ಚೀಲ ಇಡುವುದು, ಇವುಗಳಿಂದ ಗಾಳಿ ಸರಿದು ಹಗುರಾಗುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ.

ನಾನು ಮಾಡಿದ ಇನ್ನೊಂದು ತಪ್ಪು ಊಟದ್ದು. ಎರಡು ದಿನ ಹೊಟ್ಟೆ ಖಾಲಿಯಿತ್ತೆಂದು ಹೊತ್ತು ಮುಳುಗುವ ಮೊದಲು ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ ಹೊಡೆದೆ. ರಾತ್ರಿಯಿಡೀ ಮುರಿತ. ದಶಲಕ್ಷಣ ಪರ್ವದ ಉಪವಾಸ ಮುಗಿಸಿದವರಿಗೆ ಪಾರಣೆಯಲ್ಲಿ ನಾವು ಏನು ಕೊಡುತ್ತೇವೆ? ತಿಳಿ ಗಂಜಿ, ಹೆಸರುಬೇಳೆಯ ಕಟ್ಟು. ನಮ್ಮ ಹೆಂಗಸರಿಗೆ ಗೊತ್ತಿರುವ ಈ ವಿದ್ಯೆಯೇ ಇಲ್ಲಿಯೂ ಸಾಕು. ಮರುದಿನದಿಂದ ಮೆತ್ತನ್ನ ಅನ್ನ, ಸೋರೆಕಾಯಿ, ಹೀರೆಕಾಯಿ, ಬಾಳೆಹಣ್ಣು ತಿಂದೆ. ದವಾಖಾನೆಯ ಪಟ್ಟಿಯಲ್ಲಿದ್ದ ಬಟಾಟೆ, ಗಜ್ಜರಿಗಳ ಬದಲಿಗೆ ಇವು ಚೆನ್ನಾಗಿ ನಡೆಯುತ್ತವೆ. ಕೆಲವರಿಗೆ ನಾಲ್ಕಾರು ದಿನ ಹಾಲು ಹಿಡಿಸುವುದಿಲ್ಲ. ಮಜ್ಜಿಗೆ ಹಿಡಿಸುತ್ತದೆ, ಆದರೆ ದ್ವಿದಳ ದೋಷ ಪಾಲಿಸುವವರು ಮಜ್ಜಿಗೆಯನ್ನು ಒಂದು ಹೊತ್ತಿಗೆ, ಬೇಳೆಯನ್ನು ಇನ್ನೊಂದು ಹೊತ್ತಿಗೆ ಇಟ್ಟುಕೊಳ್ಳಬೇಕು.

ಮೂರು ದಿನ ಶೌಚವಾಗದಿದ್ದರೆ ಗಾಬರಿ ಬೇಡ, ಚೂರ್ಣವೂ ಬೇಡ. ತೊಳೆದಿಟ್ಟ ಕೊಡದಲ್ಲಿ ತಕ್ಷಣ ಏನು ಸಿಗಬೇಕು? ಗಡಬಡ ಸದ್ದು, ಒಮ್ಮೆ ಸಡಿಲು ಒಮ್ಮೆ ಗಟ್ಟಿ, ಇವು ಎರಡು ಮೂರು ವಾರ ಇರಬಹುದು. ಕರುಳಿನ ಸೂಕ್ಷ್ಮಜೀವಿಗಳೂ ಪುಡಿಯ ಜೊತೆಗೆ ತೊಳೆದುಹೋಗಿ ಮತ್ತೆ ನೆಲೆಯಾಗಲು ಅಷ್ಟು ಕಾಲ ಬೇಕೆಂದು ಡಾಕ್ಟರರು ಹೇಳಿದರು.

ನನ್ನ ಮನೆಯವರಿಗೆ ಆದದ್ದು ಜಠರದ ತಪಾಸಣೆ, ಬಾಯಿಯ ಮುಖಾಂತರ. ಅವರಿಗೆ ಎರಡು ದಿನ ಗಂಟಲು ನೋವಿತ್ತು, ಉಪ್ಪುನೀರು ಮುಕ್ಕಳಿಸಿ ಹೋಯಿತು. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸಿರುತ್ತಾರೆ. ಅದು ಇಳಿಯುವವರೆಗೆ ನೀರು ಕುಡಿದರೆ ಶ್ವಾಸನಾಳಕ್ಕೆ ಹೋಗುವ ಭಯವಿದೆ, ಅಷ್ಟು ಲಕ್ಷ್ಯವಿಟ್ಟರೆ ಸಾಕು.

ಇಷ್ಟೆಲ್ಲ ಸಹಿಸುವಂಥದ್ದು. ಸಹಿಸಬಾರದ್ದನ್ನೂ ನಾನು ಸಹಿಸಿದೆ. ಏಳನೆಯ ದಿನ ಸಂಜೆ ಶೌಚದಲ್ಲಿ ಕೆಂಪು ರಕ್ತ ಬಂತು, ಗಡ್ಡೆಗಳೂ ಇದ್ದವು. ಪೇಟೆಗೆ ಹೊಸ ತೊಗರಿಯ ಆವಕ ಶುರುವಾಗಿತ್ತು. ಮನೆಯಲ್ಲಿ ಹೇಳಿದರೆ ಗಲಾಟೆಯೆಂದು ಬಾಯಿ ಮುಚ್ಚಿಕೊಂಡು ಮಲಗಿದೆ. ಮರುದಿನ ಇನ್ನೆರಡು ಸಲ ಆಯಿತು. ಸಂಜೆ ಲೆಕ್ಕ ಬರೆಯುವಾಗ ಕಣ್ಣು ಕತ್ತಲೆ ಬಂದು ಗಾದಿಯ ಮೇಲೆಯೇ ವಾಲಿದೆ. ಹಮಾಲರು ಹಿಡಿದು ಜೀಪಿನಲ್ಲಿ ಮಲಗಿಸಿದರು.

ರಾತ್ರಿ ಒಂಬತ್ತಕ್ಕೆ ದವಾಖಾನೆಯಲ್ಲಿ ನರ್ಸಬಾಯಿ ಗುಳಿಗೆ, ನೀರು ತಂದರು. ನಾನು ಒಲ್ಲೆನೆಂದೆ. ಎಂದೂ ಎದುರು ಮಾತಾಡದ ಮಗ ಆ ದಿನ ಜಗಳವಾಡಿದ, ಅತ್ತ. ಕುಡಿದೆ. ನಳಿಗೆಯಿಂದ ಮತ್ತೆ ನೋಡಿ, ಸುಟ್ಟ ಜಾಗದ ಹಕ್ಕಳೆ ಬಿದ್ದು ರಕ್ತನಾಳ ತೆರೆದಿದೆಯೆಂದು ಸಣ್ಣ ಲೋಹದ ಕ್ಲಿಪ್ ಹಾಕಿದರು. ಪಾಲಿಪ್ ತೆಗೆದವರಿಗೆ ಎರಡು ವಾರಗಳವರೆಗೂ ಹೀಗಾಗುವ ಸಂಭವವುಂಟಂತೆ. ಬಾಯಿಮಾತಿನಲ್ಲಿ ಯಾರೂ ಹೇಳಿರಲಿಲ್ಲ. ಕೊಟ್ಟ ಕಾಗದದಲ್ಲಿ ಮರಾಠಿಯಲ್ಲಿ ಒಂದು ಸಾಲು ಇತ್ತು. ಮರಾಠಿ ಹುಂಡಿ, ಪಾವತಿಗಳನ್ನು ಕಣ್ಣು ಮುಚ್ಚಿ ಓದುವ ನಾನು ಅದನ್ನು ಮಡಿಚಿ ಜೇಬಿನಲ್ಲಿಟ್ಟಿದ್ದೆ.

ಆದ್ದರಿಂದ ಕಾಗದವನ್ನು ಮನೆಯವರೆಲ್ಲ ಓದಲಿ. ಗಾಳಿ ಹೋದರೂ ಇಳಿಯದೆ ಹೆಚ್ಚುತ್ತಿರುವ ನೋವು, ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ಜ್ವರ, ನಿಲ್ಲದ ವಾಂತಿ, ಗಡ್ಡೆ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ, ತಲೆಸುತ್ತು, ಇವುಗಳಲ್ಲಿ ಒಂದು ಕಂಡರೂ ಆ ಗಳಿಗೆಯಲ್ಲಿಯೇ ದವಾಖಾನೆಗೆ ಹೋಗಬೇಕು. ಕರುಳಿಗೆ ತೂತು ಬೀಳುವುದು ಬಹಳ ಅಪರೂಪ, ಆದರೆ ಬಿದ್ದರೆ ತಾಸುಗಳ ಲೆಕ್ಕ. ಮೊಣಕಾಲು ನೋವಿನ ಗುಳಿಗೆಯನ್ನು ಆ ದಿನಗಳಲ್ಲಿ ಕೇಳದೆ ನುಂಗಬಾರದು, ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ನಾನು ಅದನ್ನೂ ನುಂಗಿದ್ದೆ.

ನಿಯಮ ಮುರಿದದ್ದು ಮನಸ್ಸಿಗೆ ಚುಚ್ಚುತ್ತಿತ್ತು. ನಮ್ಮ ಭಾಗಕ್ಕೆ ವಿಹಾರ ಬಂದಿದ್ದ ಮುನಿ ಮಹಾರಾಜರ ಮುಂದೆ ಹೇಳಿಕೊಂಡೆ. ಅವರು ಪ್ರಾಯಶ್ಚಿತ್ತವಾಗಿ ಜಪ ಕೊಟ್ಟರು. ರೋಗದ ಕಾಲಕ್ಕೆ ಔಷಧ, ನೀರಿನ ವಿನಾಯಿತಿ ಇಟ್ಟುಕೊಂಡು ನಿಯಮವನ್ನು ಹೊಸದಾಗಿ ಕೊಟ್ಟರು. ಆಮೇಲೆ ನಗುತ್ತ, ರಕ್ತವನ್ನು ಮುಚ್ಚಿಟ್ಟದ್ದಕ್ಕೆ ಯಾವ ಪ್ರಾಯಶ್ಚಿತ್ತ ಬೇಡುತ್ತೀ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮೂರು ವರ್ಷಕ್ಕೆ ಮತ್ತೆ ತಪಾಸಣೆಯಾಗಬೇಕು. ದೀಪಾವಳಿಯ ಹೊಸ ವಹಿಯ ಹಿಂಬದಿಯ ಪುಟದಲ್ಲಿ ಬರೆದಿಟ್ಟಿದ್ದೇನೆ: 2027ರ ಡಿಸೆಂಬರ್, ಮಧ್ಯಾಹ್ನದ ವೇಳೆ ಕೇಳುವುದು, ನಂತರ ಹದಿನೈದು ದಿನ ಪೇಟೆ ಮಗನಿಗೆ.